ಶನಿವಾರದಿಂದ ಶನಿವಾರಕ್ಕೆ: 1948ರ ಸೆಪ್ಟೆಂಬರಿನ ಆ ವಾರ

(ಕಲ್ಯಾಣ ಕರ್ನಾಟಕ ಉತ್ಸವದ ಹಿಂದಿನ ದಿನ ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿ ಮಿತ್ರರೇ, ನಾಳೆ ಬೆಳಿಗ್ಗೆ ನಮ್ಮ ಊರಿನಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆಯಾಗುತ್ತದೆ, ಪೊಲೀಸರ ಡಿಎಆರ್ ಮೈದಾನದಲ್ಲಿ ಧ್ವಜ ಹಾರುತ್ತದೆ, ಭಾಷಣಗಳಾಗುತ್ತವೆ. ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದದ್ದು 2019ರ ಸೆಪ್ಟೆಂಬರ್ 17ರಂದು. 2024ರಲ್ಲಿ ಅದೇ ದಿನ ರಾಜ್ಯದ ಸಚಿವ ಸಂಪುಟ ಇಲ್ಲಿಗೇ ಬಂದು ಸಭೆ ನಡೆಸಿತು. ಈ ದಿನಕ್ಕೆ ಇಷ್ಟು ಮರ್ಯಾದೆ ಸಿಗುತ್ತಿರುವುದು ನನಗೆ ಸಂತೋಷದ ವಿಷಯವೇ. ಆದರೆ ಹದಿನೇಳನೇ ತಾರೀಖನ್ನು ಮಾತ್ರ ಹಿಡಿದುಕೊಂಡರೆ ನಮ್ಮ ಜಿಲ್ಲೆಗಳ ಕಥೆ ತೀರಾ ಚಿಕ್ಕದಾಗಿಬಿಡುತ್ತದೆ. ಸೇನೆ ಬಂತು, ನಿಜಾಮ ಮಣಿದ, ನಾವು ಬಿಡುಗಡೆಯಾದೆವು ಎಂಬ ಮೂರು ವಾಕ್ಯಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆದ್ದರಿಂದ ಇವತ್ತು ಒಂದು ದಿನದ ಬದಲು ಒಂದು ವಾರವನ್ನು ತೆಗೆದುಕೊಳ್ಳೋಣ. 1948ರ ಸೆಪ್ಟೆಂಬರ್ 11 ಶನಿವಾರ, ಸೆಪ್ಟೆಂಬರ್ 18 ಕೂಡ ಶನಿವಾರ. ಈ ಎರಡು ಶನಿವಾರಗಳ ನಡುವೆ ಏನಾಯಿತು, ಅದಕ್ಕೂ ಮೊದಲು ಏನು ನಡೆದಿತ್ತು, ಆಮೇಲೆ ಏನು ನಡೆಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಮಾತನಾಡೋಣ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಪಠ್ಯದಲ್ಲಿ ನೀವು ಓದಿದ್ದೀರಿ. ಬ್ರಿಟಿಷರು ಹೊರಡುವ ಹೊತ್ತಿಗೆ ಹೈದರಾಬಾದ್ ಸಂಸ್ಥಾನದ ವಿಸ್ತಾರ 82 ಸಾವಿರ ಚದರ ಮೈಲಿಗೂ ಹೆಚ್ಚು, ಜನಸಂಖ್ಯೆ ಒಂದೂವರೆ ಕೋಟಿಗೂ ಹೆಚ್ಚು. ತೆಲುಗು, ಮರಾಠಿ, ಕನ್ನಡ ಮಾತನಾಡುವವರು ಬಹುಸಂಖ್ಯಾತರು. ಆಡಳಿತದ ಭಾಷೆ ಉರ್ದು. ಕನ್ನಡದ ಪಾಲಿಗೆ ಇದ್ದದ್ದು ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು. ಯಾದಗಿರಿ ಆಗ ಕಲಬುರಗಿ ಜಿಲ್ಲೆಯೊಳಗಿನ ತಾಲ್ಲೂಕು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1947ರ ಜೂನ್‌ನಲ್ಲಿಯೇ ಫರ್ಮಾನು ಹೊರಡಿಸಿ, ತಾನು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದು ಸಾರಿದ್ದ. ಆ ವರ್ಷದ ನವೆಂಬರ್ 29ರಂದು ಒಂದು ವರ್ಷದ ಅವಧಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಅದು ಯಾರ ಮನಸ್ಸಿಗೂ ಸಮಾಧಾನ ತರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ನೇತೃತ್ವದ ರಜಾಕಾರರು, ಅಂದರೆ ನಿಜಾಮನ ಆಳ್ವಿಕೆಯ ಪರವಾಗಿ ನಿಂತ ಖಾಸಗಿ ಸಶಸ್ತ್ರ ಪಡೆಯವರು, ದಿನದಿಂದ ದಿನಕ್ಕೆ ಬಲವಾದರು, ಹಳ್ಳಿಗಳು ದಿನದಿಂದ ದಿನಕ್ಕೆ ಬಡವಾದವು.

ಸೆಪ್ಟೆಂಬರ್ 7ರಂದು ನೆಹರೂ ಸಂಸತ್ತಿನಲ್ಲಿ ಎರಡು ಬೇಡಿಕೆಗಳನ್ನು ಇಟ್ಟರು. ರಜಾಕಾರ ಪಡೆಯನ್ನು ವಿಸರ್ಜಿಸಬೇಕು, ಭಾರತದ ಸೇನೆ ಸಿಕಂದರಾಬಾದಿಗೆ ಮರಳಲು ಅವಕಾಶ ಕೊಡಬೇಕು. ನಿಜಾಮನ ಸರ್ಕಾರ ಒಪ್ಪಲಿಲ್ಲ. ಹನ್ನೊಂದನೇ ತಾರೀಖು ಕರಾಚಿಯಲ್ಲಿ ಮಹಮ್ಮದ್ ಅಲಿ ಜಿನ್ನಾ ತೀರಿಕೊಂಡರು. ಹೈದರಾಬಾದಿನ ಪ್ರಧಾನಮಂತ್ರಿ ಮೀರ್ ಲಾಯಕ್ ಅಲಿಗೆ ಹೊರಗಿನ ಬೆಂಬಲದ ಬಗ್ಗೆ ಏನಾದರೂ ಆಸೆ ಉಳಿದಿದ್ದರೆ ಅದು ಆ ಶನಿವಾರವೇ ಕರಗಿರಬೇಕು. ಭಾನುವಾರ ಕಳೆಯಿತು. ಸೋಮವಾರ, ಹದಿಮೂರನೇ ತಾರೀಖು, ಇನ್ನೂ ಬೆಳಕು ಹರಿಯುವ ಮೊದಲೇ, ನಸುಕಿನ ನಾಲ್ಕು ಗಂಟೆಗೆ ಭಾರತದ ಸೇನೆ ಗಡಿ ದಾಟಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಆಪರೇಷನ್ ಪೋಲೋ. ಸರ್ಕಾರ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಿತು. ಟ್ಯಾಂಕುಗಳು, ವಿಮಾನಗಳು ಬಂದ ಕಾರ್ಯಾಚರಣೆಯನ್ನು ಹಾಗೆ ಕರೆದದ್ದಕ್ಕೆ ಕಾರಣವಿತ್ತು. ಇದು ದೇಶದೊಳಗಿನ ವಿಷಯ, ಎರಡು ರಾಷ್ಟ್ರಗಳ ನಡುವಿನ ಯುದ್ಧವಲ್ಲ ಎಂಬುದು ಭಾರತದ ನಿಲುವಾಗಿತ್ತು.

ಈಗ ದಾರಿಯನ್ನು ಗಮನಿಸಿ. ನಕ್ಷೆ ತೆರೆದು ನೋಡುವ ಅಗತ್ಯ ನಿಮಗಿಲ್ಲ. ಬಸ್ಸಿನ ಕಿಟಕಿಯಿಂದ ನೀವು ನೋಡಿರುವ ರಸ್ತೆಯೇ ಅದು. ಸೊಲ್ಲಾಪುರದಿಂದ ಹೈದರಾಬಾದಿಗೆ ಸುಮಾರು 300 ಕಿಲೋಮೀಟರ್. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್. ಮುಖ್ಯ ದಾಳಿ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನಾಯಕತ್ವದಲ್ಲಿ ಈ ದಾರಿಯಲ್ಲಿ ಬಂತು. ಪೂರ್ವದಲ್ಲಿ ಬೆಜವಾಡದ (ಇಂದಿನ ವಿಜಯವಾಡದ) ಕಡೆಯಿಂದ ಮೇಜರ್ ಜನರಲ್ ಎ.ಎ. ರುದ್ರ ಅವರ ಪಡೆ ಬಂತು. ಇಡೀ ಕಾರ್ಯಾಚರಣೆಯ ಹೊಣೆ ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ ಅವರದು. ಹೊಸಪೇಟೆಯ ಕಡೆಯಿಂದಲೂ ಪಡೆಗಳು ಬಂದು ತುಂಗಭದ್ರೆಯ ಭಾಗವನ್ನು ಹಿಡಿದುಕೊಂಡವು.

ಮೊದಲ ದಿನ ನಳದುರ್ಗದ ಬಳಿ ಬೋರಿ ನದಿಯ ಸೇತುವೆ ಭಾರತದ ಕೈಗೆ ಬಂತು. ಇದು ಬಹಳ ದೊಡ್ಡ ಗೆಲುವು. ಆ ಸೇತುವೆಯನ್ನು ಒಡೆದಿದ್ದರೆ ಮಳೆಗಾಲದ ನಮ್ಮ ಕರಿಮಣ್ಣಿನಲ್ಲಿ ಟ್ಯಾಂಕುಗಳು ಎಷ್ಟು ದಿನ ಹೂತುಕೊಂಡು ನಿಲ್ಲುತ್ತಿದ್ದವು ಎಂಬುದನ್ನು ಇಲ್ಲಿಯ ರೈತರ ಮಕ್ಕಳಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೇ ದಿನ ಉಮರ್ಗಾದಿಂದ ಸೇನೆ ನಮ್ಮ ಬೀದರ್ ಜಿಲ್ಲೆಯ ರಾಜೇಶ್ವರದ ಕಡೆ ಹೊರಟಿತು. ದಾರಿಯ ಎರಡೂ ಬದಿಯಲ್ಲಿ ಹೊಂಚು ಹಾಕಿ ಕುಳಿತವರಿದ್ದಾರೆ ಎಂಬುದು ವಿಮಾನದಿಂದ ಕಂಡುಬಂತು. ಟೆಂಪೆಸ್ಟ್ ವಿಮಾನಗಳು ಮೇಲಿನಿಂದ ದಾಳಿ ಮಾಡಿ ದಾರಿ ತೆರವು ಮಾಡಿದವು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಸೇನೆಯ ವಶವಾಗಿತ್ತು. ಅಂದು ಆ ಊರುಗಳ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ತಲೆಯ ಮೇಲೆ ಹಾದುಹೋದ ಆ ವಿಮಾನಗಳನ್ನು ಏನೆಂದು ತಿಳಿದರು? ಅದನ್ನು ಬರೆದಿಟ್ಟವರು ಬಹಳ ಕಡಿಮೆ. ಈ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಬೀದರಿನ ವಿಮಾನ ನೆಲೆಗೂ ಈ ಕಥೆಯಲ್ಲಿ ಪಾತ್ರವಿದೆ. ಆ ವರ್ಷದ ಬೇಸಿಗೆಯಿಂದಲೇ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಕರಾಚಿಯಿಂದ ನಿಜಾಮನ ಸರ್ಕಾರಕ್ಕೆ ರಹಸ್ಯವಾಗಿ ಶಸ್ತ್ರಾಸ್ತ್ರ ಸಾಗಿಸುತ್ತಿದ್ದ. ಅವನ ವಿಮಾನಗಳು ಇಳಿಯುತ್ತಿದ್ದ ನೆಲೆಗಳಲ್ಲಿ ಬೀದರ್ ಒಂದು. ಆದರೂ ಹೈದರಾಬಾದ್ ಸೇನೆಗೆ ತನ್ನದೇ ಆದ ವಾಯುಬಲ ಇರಲಿಲ್ಲ, ಟ್ಯಾಂಕುಗಳನ್ನು ಎದುರಿಸುವ ಸಾಮಗ್ರಿಯೂ ಸಾಲದಾಗಿತ್ತು. ಭಾಷಣಗಳಲ್ಲಿ ದೆಹಲಿಯ ಕೆಂಪುಕೋಟೆಯ ಮೇಲೆ ಬಾವುಟ ಹಾರಿಸುತ್ತೇವೆ ಎನ್ನುತ್ತಿದ್ದವರ ಮಾತನ್ನು ನಂಬಿ ಕೋವಿ, ಕತ್ತಿ ಹಿಡಿದು ನಿಂತ ಹಳ್ಳಿಯ ಹುಡುಗರು ಟ್ಯಾಂಕುಗಳ ಮುಂದೆ ಸತ್ತರು. ಅವರನ್ನು ಅಲ್ಲಿ ತಂದು ನಿಲ್ಲಿಸಿದ ನಾಯಕರ ಮೇಲೆ ನನಗೆ ಇರುವ ಸಿಟ್ಟು ಇನ್ನೂ ಇಳಿದಿಲ್ಲ.

ಹದಿನೈದನೇ ತಾರೀಖಿಗೆ ಬಂದಾಗ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಪಕ್ಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಿನ್ನೆ ಇಂಜಿನಿಯರುಗಳ ದಿನ ಆಚರಿಸಿದರು. ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ನಾವು ಅವರನ್ನು ಮೈಸೂರಿನವರೆಂದೇ ನೆನೆಯುತ್ತೇವೆ, ಆದರೆ ಮೈಸೂರಿನ ಸೇವೆಗೆ ಸೇರುವ ಮುನ್ನ ಅವರು ಹೈದರಾಬಾದಿಗೆ ಬಂದಿದ್ದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತ ಮೇಲೆ ನಿಜಾಮನ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರು ಕೊಟ್ಟ ಯೋಜನೆಯ ಫಲವಾಗಿಯೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ದೊಡ್ಡ ಜಲಾಶಯಗಳು ಬಂದವು. ಇದನ್ನು ಏಕೆ ಹೇಳುತ್ತಿದ್ದೇನೆ ಎಂದರೆ, ನಿಜಾಮನ ರಾಜ್ಯದಲ್ಲಿ ಒಳ್ಳೆಯದೇನೂ ಆಗಲೇ ಇಲ್ಲ ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಒಳ್ಳೆಯದು ಯಾರ ಪಾಲಿಗೆ ಬಂತು ಎಂಬುದು ನಿಜವಾದ ಪ್ರಶ್ನೆ. ಬೀದರ್ ಜಿಲ್ಲೆಯನ್ನು ಹಾದು ಹೋಗುವ ಮಾಂಜ್ರಾ ನದಿಗೆ ನಿಜಾಮ್ ಸಾಗರ ಅಣೆಕಟ್ಟು ಕಟ್ಟಿದರು, 1931ಕ್ಕೆ ಮುಗಿಯಿತು, ಅದರ ನೀರು ಹರಿದದ್ದು ನಿಜಾಮಾಬಾದ್ ಜಿಲ್ಲೆಯ ಗದ್ದೆಗಳಿಗೆ. ಬೀದರಿನ ರೈತ ನದಿಯ ದಂಡೆಯಲ್ಲಿಯೇ ನಿಂತು ಮಳೆಗಾಗಿ ಮೋಡ ನೋಡಿದ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಸಾಹಸವನ್ನು ಯಾರಾದರೂ ಮೆಚ್ಚಬೇಕು. ಆದರೆ ಆ ಭಾಷೆ ಉರ್ದು. ಆಳಂದದ ಕನ್ನಡದ ಹುಡುಗನಿಗೆ, ಚಿತ್ತಾಪುರದ ಕನ್ನಡದ ಹುಡುಗಿಗೆ ತನ್ನ ಭಾಷೆಯಲ್ಲಿ ಮೇಲಿನ ತರಗತಿ ಓದುವ ದಾರಿಯೇ ಇರಲಿಲ್ಲ.

ಈ ಕೊರತೆಯೇ ನಮ್ಮ ಹೋರಾಟದ ಬೇರು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಶಾಲೆ ನಡೆಸಿದರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ ಎಂಬ ಮಾತು ಬೀದರಿನ ಮನೆಮನೆಯಲ್ಲಿ ಇಂದಿಗೂ ಇದೆ. ಮಗುವಿಗೆ ಅ ಆ ಇ ಈ ಕಲಿಸಲು ಒಬ್ಬ ಸ್ವಾಮಿಗಳು ಬೋರ್ಡಿನ ಹಿಂದೆ ಅಡಗಬೇಕಾಗಿತ್ತು ಎಂದರೆ ಆ ಕಾಲ ಹೇಗಿತ್ತೆಂದು ಯೋಚಿಸಿ. ಬಂದೂಕು ಹಿಡಿದವರ ಹೆಸರು ಹೇಳುವಾಗ ಬಳಪ ಹಿಡಿದವರ ಹೆಸರನ್ನೂ ಹೇಳಬೇಕು. ನಾಳಿನ ಭಾಷಣಗಳಲ್ಲಿ ಪಟ್ಟದ್ದೇವರ ಹೆಸರು ಬಂದೇ ಬರಲಿ ಎಂದು ನಾನು ಆಸೆಪಡುತ್ತೇನೆ.

ರಾಜಕೀಯ ಹೋರಾಟಕ್ಕೆ 1938 ಮುಖ್ಯ ವರ್ಷ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮನ ಸರ್ಕಾರ ಅದು ಸರಿಯಾಗಿ ಕಣ್ಣು ಬಿಡುವ ಮೊದಲೇ ನಿಷೇಧಿಸಿತು. ಅದೇ ವರ್ಷ ಆರ್ಯ ಸಮಾಜದ ಸತ್ಯಾಗ್ರಹ, ಅದೇ ವರ್ಷ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಉಸ್ಮಾನಿಯಾದಿಂದ ಹೊರಹಾಕಿದ್ದು. ನಿಮ್ಮದೇ ವಯಸ್ಸಿನವರು ಅವರು. ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಇಲ್ಲೇ ಪಕ್ಕದ ಸಿಂದಗಿಯಲ್ಲಿ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಕಲಬುರಗಿಯಿಂದ ಆಯ್ಕೆಯಾದವರೂ ಅವರೇ. ಮಹಾಗಾಂವದ ಸರದಾರ ಶರಣಗೌಡ ಇನಾಮದಾರರು, ಯಾದಗಿರಿ ಭಾಗದ ಕೋಲೂರು ಮಲ್ಲಪ್ಪನವರು, ಕೊಪ್ಪಳದ ಕಡೆಯ ಅಳವಂಡಿ ಶಿವಮೂರ್ತಿಸ್ವಾಮಿಗಳು, ಇವರೆಲ್ಲ ಈ ನೆಲದ ಜನ. 1947ರ ಆಗಸ್ಟ್ ನಂತರ ಸಂಸ್ಥಾನದ ಗಡಿಯಾಚೆ, ಮುಂಡರಗಿ, ಗಜೇಂದ್ರಗಡದಂತಹ ಊರುಗಳಲ್ಲಿ ಶಿಬಿರಗಳು ಎದ್ದವು. ಅಲ್ಲಿಂದ ಯುವಕರು ಒಳಗೆ ನುಗ್ಗಿ ಕರೋಡಗಿರಿ ನಾಕೆಗಳ (ಸುಂಕದ ಕಟ್ಟೆಗಳ) ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ಮರಳುತ್ತಿದ್ದರು. ಸೇನೆ ಬರುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ಈ ಜಿಲ್ಲೆಗಳ ಜನ ತಮ್ಮ ಕೈಲಾದಷ್ಟು ಹೋರಾಡುತ್ತಿದ್ದರು. ಐದು ದಿನದ ಕಾರ್ಯಾಚರಣೆಯನ್ನಷ್ಟೇ ಹೊಗಳಿದರೆ ಅವರಿಗೆ ಅನ್ಯಾಯ ಮಾಡಿದಂತೆ.

ರಜಾಕಾರರ ಕ್ರೌರ್ಯದ ಬಗ್ಗೆ ನಿಮಗೆ ಗೊತ್ತಿರುವ ಹೆಸರು ಗೋರ್ಟಾ. ಬಸವಕಲ್ಯಾಣ ತಾಲ್ಲೂಕಿನ ಆ ಹಳ್ಳಿಯಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ನೆನಪಿಗೆ ಈಗ ಸ್ಮಾರಕವಿದೆ. ನೀವು ಹೋಗಿ ನೋಡಬೇಕು. ಇನ್ನೊಂದು ಹೆಸರನ್ನೂ ಅದರ ಜೊತೆಗೇ ನೆನಪಿಡಿ: ಶೋಯೆಬುಲ್ಲಾ ಖಾನ್. ಹೈದರಾಬಾದಿನ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ. ಸಂಸ್ಥಾನ ಭಾರತಕ್ಕೆ ಸೇರಬೇಕು, ರಜಾಕಾರರ ದಬ್ಬಾಳಿಕೆ ನಿಲ್ಲಬೇಕು ಎಂದು ಬರೆದ. 1948ರ ಆಗಸ್ಟ್ 22ರ ಹೊತ್ತಿಗೆ, ಆ ವಾರಕ್ಕೆ ಮೂರು ವಾರ ಮುಂಚೆ, ಅವನನ್ನು ನಡುಬೀದಿಯಲ್ಲಿ ಕೊಂದರು. ರಜಾಕಾರರನ್ನು ಎದುರಿಸಿದವರಲ್ಲಿ ಮುಸ್ಲಿಮರೂ ಇದ್ದರು, ಪ್ರಾಣ ಕೊಟ್ಟವರೂ ಇದ್ದರು. ರಜಾಕಾರರನ್ನೂ ಇಡೀ ಒಂದು ಸಮುದಾಯವನ್ನೂ ಒಂದೇ ಎಂದು ಮಾತನಾಡುವ ಯಾರಿಗಾದರೂ ಶೋಯೆಬುಲ್ಲಾನ ಹೆಸರು ಹೇಳಿ.

ಮತ್ತೆ ವಾರಕ್ಕೆ ಬರೋಣ. ಹದಿನಾರನೇ ತಾರೀಖು ಗುರುವಾರ ಎರಡು ಕಡೆ ಎರಡು ಸಂಗತಿಗಳು ನಡೆದವು. ಸೇನೆ ಜಹೀರಾಬಾದಿನ ಕಡೆ ಸಾಗಿತು. ದಾರಿಯಲ್ಲಿ ನೆಲಬಾಂಬುಗಳನ್ನು ಹೂತಿದ್ದರಿಂದ ನಡಿಗೆ ನಿಧಾನವಾಯಿತು, ಬೀದರ್ ರಸ್ತೆ ಕೂಡುವಲ್ಲಿ ಗುಂಡಿನ ಕಾಳಗವಾಯಿತು. ಅದೇ ದಿನ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡಿತು. ನಿಜಾಮನ ಪರವಾಗಿ ಮೊಯಿನ್ ನವಾಜ್ ಜಂಗ್ ಅಲ್ಲಿದ್ದರು. ದೂರು ಕೊಟ್ಟದ್ದು ಆಗಸ್ಟ್‌ನಲ್ಲಿ, ವಿಚಾರಣೆಗೆ ಬಂದದ್ದು ಯುದ್ಧ ಮುಗಿಯುವ ಹಿಂದಿನ ದಿನ. ಲಾಯಕ್ ಅಲಿಯ ಸರ್ಕಾರ ಜಗತ್ತು ಮಧ್ಯೆ ಬರುತ್ತದೆ ಎಂಬ ಭರವಸೆಯ ಮೇಲೆ ಕಾಲ ತಳ್ಳಿತ್ತು. ಕಾಲ ಮುಗಿಯಿತು. ಹದಿನೇಳರ ನಸುಕಿನಲ್ಲಿ ಸೇನೆ ಬೀದರ್ ಪ್ರವೇಶಿಸಿತು, ಪೂರ್ವದಿಂದ ಬಂದ ಪಡೆಯೂ ಹೈದರಾಬಾದಿನಿಂದ ಸುಮಾರು 60 ಕಿಲೋಮೀಟರ್ ದೂರದ ಚಿಟ್ಯಾಲ ತಲುಪಿತ್ತು. ಲಾಯಕ್ ಅಲಿ ರಾಜೀನಾಮೆ ಕೊಟ್ಟರು. ಸಂಜೆ ಐದು ಗಂಟೆಗೆ ಕದನವಿರಾಮ. ಮಾರನೆಯ ದಿನ, ಶನಿವಾರ, ಸಂಜೆ ನಾಲ್ಕರ ಸುಮಾರಿಗೆ ಹೈದರಾಬಾದಿನ ಹೊರಗೆ ನಿಜಾಮನ ಸೇನಾಧಿಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಗೆ ಶರಣಾದರು. ನಿಜಾಮ ತಂತಿ ಕಳಿಸಿ ಭದ್ರತಾ ಮಂಡಳಿಯಿಂದ ದೂರನ್ನು ಹಿಂತೆಗೆದುಕೊಂಡದ್ದು ಇಪ್ಪತ್ತೆರಡರಂದು. ಹೀಗಾಗಿ ನಾವು ಹಬ್ಬ ಮಾಡುವ ಹದಿನೇಳು ಕದನ ನಿಂತ ದಿನ. ವಿಧಿವತ್ತಾದ ಶರಣಾಗತಿ ಆದದ್ದು ಹದಿನೆಂಟರಂದು.

ಕಲಬುರಗಿ ನಗರದಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ. ನಮ್ಮ ಜಿಲ್ಲೆಗಳ ದೊಡ್ಡ ದುಃಖ ಶುರುವಾದದ್ದು ಕದನ ನಿಂತ ಮೇಲೆ. ಇದನ್ನು ಹೇಳುವಾಗ ನನ್ನ ಧ್ವನಿ ಭಾರವಾಗುತ್ತದೆ, ಆದರೆ ಇತಿಹಾಸದ ವಿದ್ಯಾರ್ಥಿಗಳ ಮುಂದೆ ಇದನ್ನು ಬಿಟ್ಟು ಹೋಗುವುದು ತಪ್ಪು. ಆಡಳಿತ ಕುಸಿದಿತ್ತು. ರಜಾಕಾರರ ಮೇಲಿನ ಸೇಡು ರಜಾಕಾರರಾಗಿರದ ಸಾವಿರಾರು ಮುಸ್ಲಿಮರ ಮೇಲೆ ತಿರುಗಿತು. ಕೊಲೆ, ಲೂಟಿ, ಹೆಂಗಸರ ಮೇಲಿನ ಅತ್ಯಾಚಾರ ನಡೆದವು. ಭಾರತ ಸರ್ಕಾರವೇ ಕಳಿಸಿದ ಸದ್ಭಾವನಾ ತಂಡ ಆ ವರ್ಷದ ಕೊನೆಯಲ್ಲಿ ಈ ಭಾಗದಲ್ಲಿ ಸಂಚರಿಸಿತು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರ ಸದಸ್ಯರು. ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅವರು ಅಂದಾಜು ಮಾಡಿದರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ನಾಲ್ಕರಲ್ಲಿ ಎರಡು ನಮ್ಮವು. ಆ ವರದಿ ಬಹುಕಾಲ ಪ್ರಕಟವಾಗಲಿಲ್ಲ. ನಾವು ಶಾಲೆಯಲ್ಲಿ ಓದುವಾಗ ಅದರ ಹೆಸರನ್ನೂ ಕೇಳಿರಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಭಾಗವಿದೆ. ಅನೇಕ ಹಳ್ಳಿಗಳಲ್ಲಿ ಹಿಂದೂಗಳು ಪ್ರಾಣವನ್ನು ಪಣಕ್ಕಿಟ್ಟು ತಮ್ಮ ನೆರೆಯ ಮುಸ್ಲಿಮರನ್ನು ಕಾಪಾಡಿದರು ಎಂದು ಅದು ದಾಖಲಿಸುತ್ತದೆ. ಒಂದೇ ಕಸುಬಿನವರಲ್ಲಿ ಈ ಕಕ್ಕುಲಾತಿ ಹೆಚ್ಚಾಗಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಉಳಿಸಿಕೊಂಡರು. ಪಕ್ಕಪಕ್ಕದ ಮಗ್ಗದಲ್ಲಿ ಕೂತವರ ಕೈ ಪರಸ್ಪರ ಏಳಲಿಲ್ಲ. ನನಗೆ ಆ ವಾರದ ಎಲ್ಲ ಸೇನಾನಿಗಳಿಗಿಂತ ಹೆಸರಿಲ್ಲದ ಆ ನೇಕಾರರೇ ದೊಡ್ಡವರಾಗಿ ಕಾಣುತ್ತಾರೆ. ಗೋರ್ಟಾದ ಸತ್ತವರಿಗೆ ಮಾಲೆ ಹಾಕುವ ಕೈ ಈ ಸತ್ತವರನ್ನೂ ನೆನೆಯಬೇಕು. ಒಂದನ್ನು ನೆನೆದರೆ ಇನ್ನೊಂದನ್ನು ಮರೆಯಬೇಕು ಎಂಬ ಕಟ್ಟಳೆ ಯಾರೂ ಹಾಕಿಲ್ಲ.

ಮುಂದಿನದು ನಿಮಗೆ ಗೊತ್ತಿರುವ ಕಥೆ. 1949ರ ಡಿಸೆಂಬರ್ ತನಕ ಚೌಧುರಿ ಮಿಲಿಟರಿ ಗವರ್ನರ್ ಆಗಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಜಾಗೀರುಗಳನ್ನು ರದ್ದು ಮಾಡಿದರು. ಜಾಗೀರು, ಪಾಯಗಾ (ದೊಡ್ಡ ಸರದಾರ ಮನೆತನಗಳ ಜಮೀನು), ಸರ್ಫ್-ಎ-ಖಾಸ್ (ನಿಜಾಮನ ಸ್ವಂತ ಜಮೀನು) ಎಂದು ಹಂಚಿಹೋಗಿದ್ದ ನಮ್ಮ ಹಳ್ಳಿಗಳಿಗೆ ಇದು ಸೆಪ್ಟೆಂಬರ್ ಹದಿನೇಳರಷ್ಟೇ ದೊಡ್ಡ ಬಿಡುಗಡೆ, ಆದರೆ ಅದರ ತಾರೀಖು ನಮ್ಮಲ್ಲಿ ಯಾರಿಗೂ ನೆನಪಿಲ್ಲ. 1956ರ ನವೆಂಬರ್ 1ರಂದು ಮೂರು ಜಿಲ್ಲೆಗಳು ಕನ್ನಡ ರಾಜ್ಯ ಸೇರಿದವು. ಹಿಂದುಳಿದಿರುವಿಕೆಗೆ ಮದ್ದು ಎಂದು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬರಲು 2013 ಆಗಬೇಕಾಯಿತು. ಇದರ ಬಗ್ಗೆ ಬೇರೆಯೇ ಉಪನ್ಯಾಸ ಬೇಕು.

ಈಗ ನಿಮ್ಮಿಂದ ನಾನು ಕೇಳುವ ಕೆಲಸ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ನಿಮ್ಮ ಊರಿನಲ್ಲಿ, ನಿಮ್ಮ ಓಣಿಯಲ್ಲಿ ಅಂತಹ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅವರ ಮುಂದೆ ಕುಳಿತುಕೊಳ್ಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ನಿಜಾಮನ ಬಗ್ಗೆ, ಪಟೇಲರ ಬಗ್ಗೆ ಕೇಳಬೇಡಿ. ಆ ಉತ್ತರ ಪುಸ್ತಕದಲ್ಲಿದೆ. ಆ ವಾರ ಮನೆಯಲ್ಲಿ ಏನು ಉಂಡಿರಿ, ರಾತ್ರಿ ಎಲ್ಲಿ ಮಲಗಿದಿರಿ, ಕಾಳು ಬಂಗಾರ ಎಲ್ಲಿ ಹೂತಿಟ್ಟಿರಿ, ಸುದ್ದಿ ಯಾರು ತಂದರು, ಊರು ಬಿಟ್ಟವರು ಯಾರು, ತಿರುಗಿ ಬಂದವರು ಯಾರು, ಬಾರದೆ ಉಳಿದವರ ಹೊಲ ಯಾರ ಪಾಲಾಯಿತು ಎಂದು ಕೇಳಿ. ನೋವಿನ ಜಾಗ ಬಂದು ಅವರು ಸುಮ್ಮನಾದರೆ ಒತ್ತಾಯ ಮಾಡಬೇಡಿ.

ಎರಡನೆಯದು ಕಾಗದದ ಕೆಲಸ. ಆ ಕಾಲದ ಹಳೆಯ ಜಮೀನು ದಾಖಲೆಗಳು, ಠಾಣೆಯ ದಾಖಲೆಗಳು ಬಹುಪಾಲು ಉರ್ದುವಿನಲ್ಲಿವೆ. ಅವುಗಳ ಮೇಲೆ 1948 ಎಂದು ಹುಡುಕಿದರೆ ಸಿಗುವುದಿಲ್ಲ, ನಿಜಾಮನ ಆಡಳಿತ ಬಳಸುತ್ತಿದ್ದ ಕಂದಾಯ ವರ್ಷದ ಲೆಕ್ಕದಲ್ಲಿ ಫಸಲಿ 1357 ಎಂದು ಹುಡುಕಬೇಕು. ಅಕ್ಟೋಬರಿನಲ್ಲಿ ವರ್ಷ ತಿರುಗುತ್ತಿತ್ತು, ಆದ್ದರಿಂದ ಕಾರ್ಯಾಚರಣೆಯ ನಂತರದ ತಿಂಗಳುಗಳಿಗೆ 1358 ನೋಡಬೇಕು. ಉರ್ದು ಓದಲು ಬಾರದೆ ಕಲಬುರಗಿ, ಬೀದರ್, ಯಾದಗಿರಿಯ ಆಧುನಿಕ ಇತಿಹಾಸವನ್ನು ಬರೆಯಲು ಸಾಧ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಿಯುವ ಮನಸ್ಸಿದ್ದವರು ಈ ವರ್ಷವೇ ಲಿಪಿ ಕಲಿಯಿರಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಇದೇ ಸಭಾಂಗಣದಲ್ಲಿ ಉರ್ದು ಮಾಧ್ಯಮದಲ್ಲಿ ಓದಿ ಬಂದ ನಿಮ್ಮ ಗೆಳೆಯ ಗೆಳತಿಯರಿದ್ದಾರೆ. ಅವರು ಓದಲಿ, ನೀವು ಕನ್ನಡದಲ್ಲಿ ಬರೆದುಕೊಳ್ಳಿ. ಒಮ್ಮೆಗೇ ಮೂರು ಜಿಲ್ಲೆಗಳನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಸೊಲ್ಲಾಪುರದ ಗಡಿಗೆ ಹತ್ತಿರವಿರುವ ಆಳಂದ ತಾಲ್ಲೂಕಿನಿಂದ ಶುರು ಮಾಡಿ. ಯಾರು ಯಾವ ಹಳ್ಳಿಗೆ ಹೋಗುತ್ತೀರಿ ಎಂಬ ಪಟ್ಟಿಯನ್ನು ಇವತ್ತು ಇಲ್ಲಿಂದ ಏಳುವ ಮೊದಲೇ ನಿಮ್ಮ ಅಧ್ಯಾಪಕರ ಕೈಗೆ ಕೊಡಿ.